ಜೋಡಿ ಲೆನ್ಸಿನ ಜಗಳ ಬಿಡಿಸುವ ಕೆಲಸ

ಒಂದೇ ಲೆನ್ಸಿನ ಕ್ಯಾಮೆರಾದಲ್ಲಿ ಲೆನ್ಸ್ ಸಡಿಲವಾದರೆ ಚಿತ್ರ ಮಸುಕಾಗುತ್ತದೆ. ಮಸುಕು ಯಾರ ಕಣ್ಣಿಗಾದರೂ ಬೀಳುತ್ತದೆ, ರಿಪೇರಿಗೆ ಕೊಡುತ್ತೇವೆ. ತ್ರೀಡಿ ಚಿತ್ರ ತೆಗೆಯುವ ಸ್ಟೀರಿಯೊ ಕ್ಯಾಮೆರಾದ ಕಥೆ ಹಾಗಲ್ಲ. ಅಕ್ಕಪಕ್ಕದ ಎರಡು ಲೆನ್ಸ್‌ಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದಿದ್ದರೂ ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಎರಡೂ ಚೆನ್ನಾಗಿಯೇ ಕಾಣುತ್ತವೆ. ವ್ಯೂವರ್‌ಗೆ ಹಾಕಿ ಎರಡೂ ಕಣ್ಣಿಟ್ಟು ನೋಡಿದಾಗಲೇ ತೊಂದರೆ ಗೊತ್ತಾಗುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎಡಗಣ್ಣಿನ ಚಿತ್ರ ಒಂದು ಕಡೆ, ಬಲಗಣ್ಣಿನದು ಇನ್ನೊಂದು ಕಡೆ. ಎರಡನ್ನೂ ಕೂಡಿಸಲು ಹೆಣಗಾಡುವ ಮಿದುಳು ಕೊನೆಗೆ ಕೈಬಿಡುತ್ತದೆ, ನೋಡುವವರ ಹಣೆ ನೋಯತೊಡಗುತ್ತದೆ. ನನಗೆ ತ್ರೀಡಿ ಆಗಿಬರುವುದಿಲ್ಲ ಎಂದು ಅವರು ವ್ಯೂವರ್ ಕೆಳಗಿಡುತ್ತಾರೆ, ಕ್ಯಾಮೆರಾ ಬೀರು ಸೇರುತ್ತದೆ. ದೋಷ ಕಣ್ಣಿನದಲ್ಲ, ಬಹುಪಾಲು ಲೆನ್ಸಿನ ಸುತ್ತ ಇರುವ ಮೂರು ಪುಟ್ಟ ಸ್ಕ್ರೂಗಳದ್ದು. ಅದನ್ನು ಸರಿಪಡಿಸುವುದು ಮನೆಯ ಮೇಜಿನ ಮೇಲೆ ಆಗುವ ಕೆಲಸ. ಆದರೆ ಸಡಿಲವಾದ ಲೆನ್ಸನ್ನು ಕಂಡಕೂಡಲೇ ಬಿಗಿ ಮಾಡಬಾರದು. ಇಷ್ಟನ್ನು ವಿವರವಾಗಿ ಹೇಳುವುದಕ್ಕೇ ಈ ಬರಹ.

ನಾನು ಹೇಳುತ್ತಿರುವುದು ‘ಸ್ಪುಟ್ನಿಕ್’ ಎಂಬ ಸೋವಿಯತ್ ಕ್ಯಾಮೆರಾದ ಬಗ್ಗೆ. ಲೆನಿನ್‌ಗ್ರಾಡಿನ ಗೋಮ್ಜ್ ಕಾರ್ಖಾನೆ, ಅಂದರೆ ಮುಂದೆ ಲೋಮೊ ಎಂದು ಹೆಸರಾದ ಕಾರ್ಖಾನೆ, 1955ರ ಹೊತ್ತಿಗೆ ಇದನ್ನು ತಯಾರಿಸಲು ಶುರುಮಾಡಿತು. ಅದೇ ಹೆಸರಿನ ಉಪಗ್ರಹ ಆಕಾಶಕ್ಕೆ ಹಾರಿದ್ದು 1957ರ ಅಕ್ಟೋಬರ್ 4ರಂದು, ಕ್ಯಾಮೆರಾ ಅದಕ್ಕಿಂತ ಹಳೆಯದು. ಮೈಯೆಲ್ಲ ಕಪ್ಪು ಬೇಕಲೈಟ್. ಎದುರಿಗೆ ಮೂರು ಲೆನ್ಸ್: ಎಡಕ್ಕೊಂದು, ಬಲಕ್ಕೊಂದು ಚಿತ್ರ ತೆಗೆಯಲು, ನಡುವೆ ಸ್ವಲ್ಪ ಮೇಲಕ್ಕೆ ಇರುವುದು ನೋಡಿ ಫೋಕಸ್ ಮಾಡಲು. ಚಿತ್ರ ತೆಗೆಯುವ ಎರಡೂ 75 ಮಿ.ಮೀ. ಫೋಕಲ್ ದೂರದ, ಎಫ್ 4.5ರ, ಮೂರು ಗಾಜಿನ ಟ್ರಿಪ್ಲೆಟ್‌ಗಳು. ಅವುಗಳ ನಡುವಿನ ಅಂತರ ಸುಮಾರು 64 ಮಿ.ಮೀ., ಅಂದರೆ ನಮ್ಮ ಎರಡು ಕಣ್ಣುಗಳ ನಡುವೆ ಇರುವಷ್ಟೇ. ಹಾಕುವುದು ಒನ್ ಟ್ವೆಂಟಿ ಫಿಲ್ಮ್. ಒಂದು ರೋಲ್‌ನಲ್ಲಿ ಆರು ಜೋಡಿ ಚಿತ್ರ.

ಒನ್ ಟ್ವೆಂಟಿ ಎಂದರೆ ನಮ್ಮ ಕಡೆಯ ಹಳೇ ಸ್ಟುಡಿಯೊದವರಿಗೆ ಬೇರೆ ವಿವರಣೆ ಬೇಡ. ಮನೆಮನೆಯ ಆಗ್ಫಾ ಕ್ಲಿಕ್ ನುಂಗುತ್ತಿದ್ದುದು, ಮದುವೆ ಮನೆಯ ಯಾಶಿಕಾ ನುಂಗುತ್ತಿದ್ದುದು ಅದೇ ರೋಲನ್ನು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಫಿಲ್ಮ್ ತಯಾರಿಸಿ ಕಳಿಸುತ್ತಿದ್ದ ಕಾಲ ಒಂದಿತ್ತು. ಆ ಕಾರ್ಖಾನೆ ಮುಚ್ಚಿತು. ಈಗ ಹೊರದೇಶದ ರೋಲ್ ತರಿಸಿಕೊಳ್ಳಬೇಕು, ಬೆಲೆ ಕೈ ಸುಡುತ್ತದೆ. ಹಾಗಾಗಿಯೇ ಫಿಲ್ಮ್ ಹಾಕುವ ಮೊದಲು ಲೆನ್ಸ್ ಸರಿಮಾಡಿಕೊಳ್ಳುವುದು ಜಾಣತನ.

ಈ ಮೂರು ಲೆನ್ಸಿನ ವಿನ್ಯಾಸಕ್ಕೆ ಒಂದು ಹಿನ್ನೆಲೆಯಿದೆ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ 1920ರಲ್ಲಿ ಶುರುವಾದ ಫ್ರಾಂಕೆ ಆ್ಯಂಡ್ ಹೈಡೆಕೆ ಕಂಪನಿ ಮೊದಲು ಮಾರಿದ್ದು ಸ್ಟೀರಿಯೊ ಕ್ಯಾಮೆರಾಗಳನ್ನು. ಗಾಜಿನ ಪ್ಲೇಟ್ ಹಾಕುವ ಹೈಡೊಸ್ಕೋಪ್ ಮೊದಲು ಬಂತು, 1926ರಲ್ಲಿ ರೋಲ್ ಫಿಲ್ಮಿನ ರೋಲಿಡೊಸ್ಕೋಪ್. ಎರಡು ಲೆನ್ಸ್ ಚಿತ್ರಕ್ಕೆ, ನಡುವಿನದು ನೋಟಕ್ಕೆ. ಒಂದು ಚಿತ್ರದ ಲೆನ್ಸ್ ಕೈಬಿಟ್ಟು, ಉಳಿದೆರಡನ್ನು ಒಂದರ ಮೇಲೊಂದು ನಿಲ್ಲಿಸಿದಾಗ 1929ರಲ್ಲಿ ರೋಲಿಫ್ಲೆಕ್ಸ್ ಹುಟ್ಟಿತು. ಜಗತ್ತಿನ ಸ್ಟುಡಿಯೊಗಳನ್ನೆಲ್ಲ ಆಳಿದ ಜೋಡಿ ಲೆನ್ಸಿನ ಕ್ಯಾಮೆರಾ ಹೀಗೆ ಸ್ಟೀರಿಯೊ ಕ್ಯಾಮೆರಾದ ಹೊಟ್ಟೆಯಿಂದ ಬಂದದ್ದು. ಲೆನಿನ್‌ಗ್ರಾಡಿನವರು ಅದೇ ದಾರಿಯಲ್ಲಿ ಹಿಂದಕ್ಕೆ ನಡೆದರು. ಅವರ ಬಳಿ ‘ಲುಬಿಟೆಲ್’ ಎಂಬ ಅಗ್ಗದ ಜೋಡಿ ಲೆನ್ಸಿನ ಕ್ಯಾಮೆರಾ ಇತ್ತು. ಅದರ ಲೆನ್ಸ್, ಅದರದೇ ಹಲ್ಲಿನ ಚಕ್ರಗಳು, ಅದರದೇ ಬೇಕಲೈಟ್ ಇಟ್ಟುಕೊಂಡು ಅಗಲ ಮಾಡಿ ಸ್ಪುಟ್ನಿಕ್ ಕಟ್ಟಿದರು. ರೋಲಿಡೊಸ್ಕೋಪ್ ಶ್ರೀಮಂತರ ವಸ್ತು. ಸ್ಪುಟ್ನಿಕ್ ಶಾಲೆಯ ಮೇಷ್ಟ್ರು, ಕಾರ್ಖಾನೆಯ ಫಿಟ್ಟರ್ ಕೊಳ್ಳಬಹುದಾದದ್ದು. ಇದು ನನಗೆ ಬಹಳ ಇಷ್ಟವಾದ ಸಂಗತಿ.

ನಾನು ಬಿಚ್ಚಿದ ಸ್ಪುಟ್ನಿಕ್ ಭದ್ರಾವತಿಯ ಹಳೇ ಕ್ವಾರ್ಟರ್ಸ್ ಮನೆಯೊಂದರಿಂದ ಶಿವಮೊಗ್ಗಕ್ಕೆ ನನ್ನ ಮೇಜಿಗೆ ಬಂದದ್ದು. ಭಿಲಾಯಿಯಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದ ಹಿರಿಯರೊಬ್ಬರು ತಂದಿದ್ದ ಕ್ಯಾಮೆರಾ. ಭಿಲಾಯಿಯದು ಸೋವಿಯತ್ ನೆರವಿನಿಂದ ಕಟ್ಟಿದ ಉಕ್ಕಿನ ಕಾರ್ಖಾನೆ, ರಷ್ಯನ್ ವಸ್ತುಗಳಿಗೆ ಅಲ್ಲಿ ಬರವಿರಲಿಲ್ಲ. ಬಲಗಡೆಯ ಲೆನ್ಸ್ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಸದ್ದು. ಇಂಥದ್ದಕ್ಕೆ ಭದ್ರಾವತಿಯ ಲೇತಿನವರು ‘ಆಟ ಇದೆ’ ಎನ್ನುತ್ತಾರೆ. ಬೇರಿಂಗಿನಲ್ಲಿ ಆಟ, ಶಾಫ್ಟಿನಲ್ಲಿ ಆಟ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಇದ್ದಿಲು ಉರಿಸಿ ಕಬ್ಬಿಣ ಕರಗಿಸಲು ಶುರುಮಾಡಿದಾಗಿನಿಂದ ಆ ಊರಿನ ಕಿವಿ ಇಂಥ ಸದ್ದಿಗೆ ಪಳಗಿದೆ. ಅಲ್ಲಿನವರು ಮೊದಲು ಕೇಳುವುದು ಎಷ್ಟು ಆಟ ಎಂದಲ್ಲ, ಆಟ ಎಲ್ಲಿದೆ ಎಂದು. ನಾವೂ ಅಲ್ಲಿಂದಲೇ ಶುರುಮಾಡಬೇಕು.

ಈ ಕ್ಯಾಮೆರಾದ ಲೆನ್ಸ್ ಸಡಿಲವಾಗುವ ಜಾಗ ಒಂದಲ್ಲ. ಮೂರೂ ಲೆನ್ಸಿನ ಮೂತಿಗೆ ಹಲ್ಲಿನ ಉಂಗುರ ತೊಡಿಸಿದೆ. ಮೂರೂ ಹಲ್ಲಿಗೆ ಹಲ್ಲು ಕೂಡಿಕೊಂಡು ತಿರುಗುತ್ತವೆ. ಉಂಗುರವನ್ನು ಲೆನ್ಸಿಗೆ ಹಿಡಿದಿಟ್ಟಿರುವುದು ಅಂಚಿನಲ್ಲಿರುವ ಮೂರು ಪುಟ್ಟ ತಲೆಯಿಲ್ಲದ ಸ್ಕ್ರೂಗಳು. ಅವು ಸಡಿಲವಾದರೆ ಉಂಗುರ ತಿರುಗುತ್ತದೆ, ಲೆನ್ಸ್ ತಿರುಗುವುದಿಲ್ಲ. ಕೈಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಎಲ್ಲಕ್ಕಿಂತ ಮೋಸ ಮಾಡುವ ದೋಷ ಇದೇ. ಇನ್ನೊಂದು, ಮುಂದಿನ ಗಾಜನ್ನು ಹೊತ್ತ ಹಿತ್ತಾಳೆಯ ಕಪ್ಪಿನ ಥ್ರೆಡ್. ಹಳೇ ಗ್ರೀಸ್ ಒಣಗಿ ಉದುರಿದ ಮೇಲೆ ಅದು ಓಲಾಡುತ್ತದೆ. ಮತ್ತೂ ಒಂದು, ಶಟರ್ ಸಮೇತ ಇಡೀ ಲೆನ್ಸೇ ಮುಂದಿನ ಫಲಕದಲ್ಲಿ ಓಲಾಡುವುದು. ಅದಕ್ಕೆ ಕಾರಣ ಒಳಗಿನಿಂದ ಹಾಕಿದ ಬಿಗಿ ಉಂಗುರ ಬಿಚ್ಚಿಕೊಂಡಿರುವುದು. ಶಟರ್ ಕಾಕ್ ಮಾಡಿದಾಗ ಇಡೀ ಲೆನ್ಸ್ ಚೂರು ತಿರುಗಿದರೆ ಕಾಯಿಲೆ ಇದು. ಅಪರೂಪಕ್ಕೆ ಹಿಂದಿನ ಗಾಜಿನ ಕಪ್ಪೂ ಕಳಚಿಕೊಂಡಿರುತ್ತದೆ.

ಒಂದು ಬೆರಳಿನಲ್ಲಿ ಹಲ್ಲಿನ ಉಂಗುರ ಅಲುಗದಂತೆ ಒತ್ತಿ ಹಿಡಿದು ಇನ್ನೊಂದು ಬೆರಳಿನಿಂದ ಗಾಜಿನ ಅಂಚನ್ನು ಮೆಲ್ಲಗೆ ತಳ್ಳಿ ನೋಡಿ. ಯಾವುದರ ಜೊತೆ ಯಾವುದು ಅಲುಗುತ್ತದೆ ಎಂದು ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಂಡಕೂಡಲೇ ಬಿಗಿ ಮಾಡಬಾರದು ಎಂದೆನಲ್ಲ, ಏಕೆಂದರೆ ಈ ಲೆನ್ಸ್‌ನಲ್ಲಿ ಫೋಕಸ್ ಆಗುವುದು ಮುಂದಿನ ಗಾಜೊಂದೇ ಹಿಂದೆ ಮುಂದೆ ಸರಿಯುವುದರಿಂದ. ಇಡೀ ಲೆನ್ಸ್ ಸರಿಯುವುದಿಲ್ಲ. ಮುಂದಿನ ಗಾಜು ಹೊರಬಂದಷ್ಟೂ ಲೆನ್ಸಿನ ಫೋಕಲ್ ದೂರವೇ ಚೂರು ಕಡಿಮೆಯಾಗುತ್ತದೆ. ಆದ್ದರಿಂದ ಎಡಗಡೆಯದು ಒಂದು ಜಾಗದಲ್ಲಿ, ಬಲಗಡೆಯದು ಇನ್ನೊಂದು ಜಾಗದಲ್ಲಿ ನಿಂತರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಒಂದು ಚಿತ್ರ ಫೋಕಸ್ ತಪ್ಪುತ್ತದೆ, ಜೊತೆಗೆ ಎರಡು ಚಿತ್ರಗಳ ಗಾತ್ರವೂ ಬೇರೆಯಾಗುತ್ತದೆ. ಶೇ 1ರಷ್ಟು ವ್ಯತ್ಯಾಸವಾದರೂ ಚೌಕದ ಅಂಚಿನಲ್ಲಿ ಅದು ಕಾಲು ಮಿಲಿಮೀಟರಿಗಿಂತ ಹೆಚ್ಚು. ಮೂಲೆಗಳಲ್ಲಿ ಅದು ಮೇಲೆ ಕೆಳಗಿನ ಅಂತರವಾಗಿ ಕಾಣುತ್ತದೆ. ನಮ್ಮ ಕಣ್ಣುಗಳು ಅಡ್ಡ ಅಂತರವನ್ನು ಆಳವೆಂದು ಓದಿಕೊಳ್ಳುತ್ತವೆ. ಮೇಲೆ ಕೆಳಗಿನ ಅಂತರವನ್ನು ಏನೆಂದು ಓದಬೇಕೋ ಅವಕ್ಕೆ ಗೊತ್ತಿಲ್ಲ. 2012ರಲ್ಲಿ ‘ಕಠಾರಿವೀರ ಸುರಸುಂದರಾಂಗಿ’ಯನ್ನು ತ್ರೀಡಿ ಕನ್ನಡಕ ಹಾಕಿ ನೋಡಿದವರು ತಲೆಯನ್ನು ಭುಜಕ್ಕೆ ವಾಲಿಸಿ ನೋಡಿದ್ದರೆ ಆ ಹಿಂಸೆ ಏನೆಂದು ಗೊತ್ತಿರುತ್ತದೆ.

ಈಗ ಕೆಲಸಕ್ಕೆ ಇಳಿಯೋಣ. ಶಿವಮೊಗ್ಗದ ಗಾಂಧಿ ಬಜಾರಿನಂಥ ಕಡೆ ಸಿಗುವ, ವಾಚ್ ರಿಪೇರಿಯವರ ಸಣ್ಣ ಸ್ಕ್ರೂಡ್ರೈವರ್ ಸೆಟ್ ಸಾಕು. ತುದಿ ಸ್ಕ್ರೂವಿನ ಸೀಳಿಗೆ ಪೂರ್ತಿ ಕೂರಬೇಕು, ಇಲ್ಲವಾದರೆ ಸೀಳು ಕಿತ್ತುಹೋಗಿ ಆಮೇಲೆ ಯಾರ ಕೈಲೂ ಬಿಚ್ಚಲಾಗದು. ಒಳಗಿನ ಬಿಗಿ ಉಂಗುರಕ್ಕೆ ಎರಡು ಮೊನೆಯ ಸ್ಪ್ಯಾನರ್ ಬೇಕು. ಕಂಪಾಸ್ ಬಾಕ್ಸಿನ ಡಿವೈಡರ್ ಬಳಸುವವರಿದ್ದಾರೆ. ದಯವಿಟ್ಟು ಬೇಡ. ಅದು ಜಾರಿದರೆ ನೇರ ಹಿಂದಿನ ಗಾಜಿಗೆ ಗೀರು. ಮಾಚೇನಹಳ್ಳಿಯ ಕಡೆಯೋ ಭದ್ರಾವತಿಯಲ್ಲೋ ಲೇತ್ ಇಟ್ಟುಕೊಂಡವರಿಗೆ ಉಂಗುರದ ಅಳತೆ ಕೊಟ್ಟರೆ ಚಪ್ಪಟೆ ಉಕ್ಕಿನ ತುಂಡಿನಲ್ಲಿ ಸ್ಪ್ಯಾನರ್ ಮಾಡಿಕೊಡುತ್ತಾರೆ. ಹಾಗೆ ಮಾಡಿಸಿಕೊಂಡದ್ದು ಜೀವಮಾನಕ್ಕೆ ಆಗುತ್ತದೆ.

ಬಿಚ್ಚುವ ಮೊದಲು ಉಂಗುರ, ಲೆನ್ಸ್, ಫಲಕ ಮೂರಕ್ಕೂ ಸೇರುವಂತೆ ಪೆನ್ಸಿಲ್ ಗೆರೆ ಎಳೆದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮೂರು ಸ್ಕ್ರೂಗಳನ್ನೂ ಪೂರ್ತಿ ತೆಗೆಯದೆ ಸಡಿಲಿಸಿದರೆ ಹಲ್ಲಿನ ಉಂಗುರ ಎದ್ದು ಬರುತ್ತದೆ. ಈಗ ಮುಂದಿನ ಗಾಜಿನ ಕಪ್ಪನ್ನು ಬೆರಳಲ್ಲೇ ತಿರುಗಿಸಿ ಹೊರತೆಗೆಯಬಹುದು. ಇಲ್ಲಿ ಆತುರ ಬೇಡ. ಇಂಥ ಕಪ್ಪಿನಲ್ಲಿ ಒಂದೇ ಎಳೆಯ ಥ್ರೆಡ್ ಇರಬೇಕೆಂದಿಲ್ಲ, ಹಲವು ಎಳೆ ಇರಬಹುದು. ಮತ್ತೆ ಹಾಕುವಾಗ ತಪ್ಪು ಎಳೆಗೆ ಸಿಕ್ಕಿಕೊಂಡರೆ ಎಷ್ಟು ತಿರುಗಿಸಿದರೂ ಫೋಕಸ್ ಕೂಡುವುದಿಲ್ಲ. ಆದ್ದರಿಂದ ಕಪ್ಪು ಥ್ರೆಡ್ ಬಿಟ್ಟು ಹೊರಗೆ ಬರುವ ಆ ಕ್ಷಣದಲ್ಲಿ ಕೈ ನಿಲ್ಲಿಸಬೇಕು. ಅದು ಬೆರಳಿಗೆ ಒಂದು ಸಣ್ಣ ಕುಸಿತವಾಗಿ ತಿಳಿಯುತ್ತದೆ. ಅಲ್ಲಿ ಕಪ್ಪಿನ ಮೇಲೊಂದು, ಶಟರಿನ ಮೇಲೊಂದು ಚುಕ್ಕಿ ಇಡಿ. ಹಾಕುವಾಗ ಚುಕ್ಕಿಗೆ ಚುಕ್ಕಿ ಸೇರಿಸಿ ಮೊದಲು ಎದುರು ದಿಕ್ಕಿಗೆ ನವಿರಾಗಿ ತಿರುಗಿಸಿ, ಆ ಕುಸಿತ ಸಿಕ್ಕ ಮೇಲೆ ಒಳಕ್ಕೆ ತಿರುಗಿಸಿ. ನಡುವಿನ ನೋಟದ ಲೆನ್ಸಿಗೆ ಇನ್ನೊಂದು ವಿಶೇಷವಿದೆ. ಹಲ್ಲು ಕೂಡಿದ ಎರಡು ಚಕ್ರಗಳು ಒಂದಕ್ಕೊಂದು ವಿರುದ್ಧ ತಿರುಗುತ್ತವೆ, ಆದರೆ ಲೆನ್ಸ್‌ಗಳೆಲ್ಲ ಒಟ್ಟಿಗೆ ಹೊರಬರಬೇಕು. ಹಾಗಾಗಿ ನಡುವಿನದರ ಥ್ರೆಡ್ ಉಲ್ಟಾ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಾ ಹೋದರೆ ಥ್ರೆಡ್ ಹಾಳು.

ಹಳೇ ಗ್ರೀಸನ್ನು ಲೈಟರ್ ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಥಿನ್ನರ್, ಅಸಿಟೋನ್ ಕೂಡದು, ಅಂಕಿಗಳ ಬಣ್ಣ ಅಳಿಸಿಹೋಗುತ್ತದೆ. ಹೊಸ ಗ್ರೀಸ್ ಗಟ್ಟಿಯಾಗಿರಲಿ, ಬೆರಳಿಗೆ ಅಂಟಿಯೂ ಅಂಟದಷ್ಟು ತೆಳುವಾಗಿ ಹಚ್ಚಿ. ಥ್ರೆಡ್ಡಿನ ಸಣ್ಣ ಆಟವನ್ನು ಈ ಗ್ರೀಸೇ ತುಂಬಿಕೊಳ್ಳುತ್ತದೆ. ಹೆಚ್ಚಾದರೆ ಬೇಸಿಗೆಯಲ್ಲಿ ಕರಗಿ ಶಟರಿನ ರೆಕ್ಕೆಗಳಿಗೆ ಇಳಿದು ಅಂಟಿಸಿಬಿಡುತ್ತದೆ. ಲೆನ್ಸ್ ಬಿಚ್ಚಿದಾಗಲೇ ಗಾಜಿನ ಅಂಚನ್ನು ಬೆಳಕಿಗೆ ಹಿಡಿದು ಬೂಷ್ಟು ಇದೆಯೇ ನೋಡಿಕೊಳ್ಳಿ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಮಳೆ ಶಿವಮೊಗ್ಗ ನಗರಕ್ಕಿಲ್ಲ ನಿಜ, ಆದರೆ ಜುಲೈನ ಇಲ್ಲಿನ ತೇವವೇ ಬೂಷ್ಟಿಗೆ ಸಾಕಾಗುತ್ತದೆ.

ಇಡೀ ಶಟರ್ ಓಲಾಡುತ್ತಿದ್ದರೆ ಒಳಗಿನ ಉಂಗುರವನ್ನು ಈಗಲೇ ಬಿಗಿ ಮಾಡಿ. ಫೋಕಸ್ ಹೊಂದಿಸಿದ ಮೇಲೆ ಅದನ್ನು ಮುಟ್ಟಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಆದರೆ ಬೇಕಲೈಟ್ ಬಾಗುವ ಪದಾರ್ಥವಲ್ಲ, ಸಿಡಿಯುವ ಪದಾರ್ಥ. ಮಣಿಕಟ್ಟಿನ ಬಲ ಹಾಕದೆ ಬೆರಳ ತುದಿಯ ಬಲ ಮಾತ್ರ ಹಾಕಿ.

ಇನ್ನು ಈ ಕೆಲಸದ ತಿರುಳಿಗೆ ಬಂದೆವು. ಹಿಂಬಾಗಿಲು ತೆಗೆದು, ಫಿಲ್ಮ್ ಕೂರುವ ಹಳಿಗಳ ಮೇಲೆ ಉಜ್ಜಿದ ಗಾಜಿನ ಎರಡು ತುಂಡು ಇಡಬೇಕು, ಉಜ್ಜಿದ ಮುಖ ಲೆನ್ಸಿನ ಕಡೆಗೆ. ಗಾಜಿನ ಅಂಗಡಿಯಲ್ಲಿ ತುಂಡು ಕತ್ತರಿಸಿಕೊಂಡು ಬಂದು, ಗ್ಯಾರೇಜಿನವರು ವಾಲ್ವ್ ಉಜ್ಜಲು ಬಳಸುವ ಪೇಸ್ಟನ್ನು ನೀರಿನೊಡನೆ ಹಚ್ಚಿ ಇನ್ನೊಂದು ಗಾಜಿನಿಂದ ತಿಕ್ಕಿದರೆ ಸೊಗಸಾದ ಮಂದ ಗಾಜು ಆಗುತ್ತದೆ. ಶಟರನ್ನು ಬಿ ಮೇಲಿಟ್ಟು ತೆರೆದು ಹಿಡಿಯಿರಿ, ಎಫ್ 4.5. ಕ್ಯಾಮೆರಾ ಟ್ರೈಪಾಡಿನ ಮೇಲೆ ಇರಲಿ, ಲೆನ್ಸನ್ನು ಅನಂತ ದೂರಕ್ಕೆ ಹೊಂದಿಸಲು ದೂರದ ಗುರಿ ಬೇಕು. ಭದ್ರಾವತಿಯಲ್ಲಿ ಮಾಳಿಗೆ ಹತ್ತಿದರೆ ಕಾರ್ಖಾನೆಯ ಚಿಮಣಿ ಇದೆ, ಶಿವಮೊಗ್ಗದಲ್ಲಿ ನೀರಿನ ಟ್ಯಾಂಕೋ ಮೊಬೈಲ್ ಟವರೋ ಸಾಕು. ಒಂದು ಕಿಲೋಮೀಟರ್ ದೂರದ ಚಿಮಣಿ ಅನಂತವೇ ಆಗಬಲ್ಲುದೇ ಎಂಬ ಅನುಮಾನ ಬೇಡ. 75 ಮಿ.ಮೀ. ಲೆನ್ಸಿಗೆ ಆ ಎರಡರ ಫೋಕಸ್ ವ್ಯತ್ಯಾಸ ಫಿಲ್ಮಿನ ಬಳಿ 0.006 ಮಿ.ಮೀ.ಗಿಂತ ಕಡಿಮೆ. ಭೂತಗನ್ನಡಿಯಲ್ಲಿ ಚಿಮಣಿಯ ಅಂಚನ್ನು ನೋಡುತ್ತ ಮುಂದಿನ ಕಪ್ಪನ್ನು ತಿರುಗಿಸಿ. ಚೂಪಾಗುವ ಜಾಗ ದಾಟಿ ಮುಂದೆ ಹೋಗಿ, ಮತ್ತೆ ಹಿಂದೆ ಬನ್ನಿ. ಎರಡು ಮಸುಕಿನ ನಡುವಿನ ಜಾಗವೇ ನಿಜವಾದ ಜಾಗ. ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಇದನ್ನು ಮಾಡಬೇಕು. ಎರಡೂ ಒಂದೇ ಚಿಮಣಿಗೆ ಒಪ್ಪಿದ ಮೇಲೆ ಅವೆರಡರ ಜಗಳ ಅರ್ಧ ಮುಗಿಯಿತು.

ಮಳೆಗಾಲದಲ್ಲಿ ಏನು ಮಾಡುವುದು? ವಾರಗಟ್ಟಲೆ ಚಿಮಣಿಯೇ ಕಾಣುವುದಿಲ್ಲ. ಅದಕ್ಕೊಂದು ಉಪಾಯವಿದೆ, ನನಗೆ ಬಿಸಿಲಿನ ವಿಧಾನಕ್ಕಿಂತ ಇದೇ ಹೆಚ್ಚು ನಂಬಿಕೆಯದು. ಸ್ಪುಟ್ನಿಕ್‌ನ ಹಳಿಗಳ ಮೇಲೆ ಹಳೇ ನೆಗೆಟಿವ್ ತುಂಡೊಂದಕ್ಕೆ ಗೀರು ಹಾಕಿ ಚಪ್ಪಟೆಯಾಗಿ ಅಂಟಿಸಿ, ಹಿಂದಿನಿಂದ ದೀಪ ಬಿಡಿ. ಇನ್ನೊಂದು ಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಉದ್ದ ಲೆನ್ಸ್ ಹಾಕಿ, ಮೊದಲೇ ಬಹುದೂರದ ವಸ್ತುವಿಗೆ ಕರಾರುವಾಕ್ಕಾಗಿ ಫೋಕಸ್ ಮಾಡಿ ಉಂಗುರ ಅಲುಗದಂತೆ ಟೇಪ್ ಸುತ್ತಿಟ್ಟುಕೊಂಡಿರಬೇಕು. ಎರಡು ಕ್ಯಾಮೆರಾಗಳನ್ನು ಎದುರುಬದುರು ಇಟ್ಟು ಒಂದರ ಕಣ್ಣಿನಿಂದ ಇನ್ನೊಂದರ ಕಣ್ಣೊಳಗೆ ನೋಡಿ. ಆ ಗೀರು ಚೂಪಾಗಿ ಕಂಡ ಕ್ಷಣ ಸ್ಪುಟ್ನಿಕ್ ಲೆನ್ಸ್ ಅನಂತಕ್ಕೆ ಕೂತಿದೆ ಎಂದರ್ಥ. ಹೊರಗೆ ಎಂಥ ಮಳೆ ಹೊಯ್ದರೂ ಕೆಲಸ ಕೋಣೆಯೊಳಗೇ ಆಗುತ್ತದೆ.

ಈಗ ಹಲ್ಲಿನ ಉಂಗುರಗಳ ಸರದಿ. ದೂರದ ಅಂಕಿಗಳಿರುವ ಉಂಗುರದ ಅನಂತದ ಗುರುತು ಸೂಚಕಕ್ಕೆ ಸರಿಯಾಗಿ ನಿಲ್ಲುವಂತೆ, ಹಲ್ಲುಗಳು ಕೂಡುವಂತೆ ತೊಡಿಸಿ. ಮೂರು ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬರಬೇಕು. ಒಂದನ್ನೇ ಪೂರ್ತಿ ಬಿಗಿದರೆ ಉಂಗುರ ಲೆನ್ಸನ್ನು ಎಳೆದುಕೊಂಡು ಓರೆಯಾಗುತ್ತದೆ. ಮೂರೂ ಬಿಗಿಯಾದ ಮೇಲೆ ಮಂದ ಗಾಜಿನಲ್ಲಿ ಮತ್ತೊಮ್ಮೆ ನೋಡಲೇಬೇಕು, ಬಿಗಿಯುವಾಗ ಲೆನ್ಸ್ ಚೂರು ಸರಿದಿರುವುದು ಮಾಮೂಲು. ಸ್ಕ್ರೂವಿನ ಮೇಲೆ ಒಂದು ಹನಿ ಉಗುರು ಬಣ್ಣ ಹಚ್ಚಿದರೆ ಮತ್ತೆ ಸಡಿಲವಾಗದು, ಬೇಕೆಂದಾಗ ಬಿಚ್ಚಲೂ ಬರುತ್ತದೆ. ಫೆವಿಕ್ವಿಕ್ ಎಂದಿಗೂ ಬೇಡ. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಮುಂದೆ ರಿಪೇರಿ ಮಾಡುವವರಿಗೆ ದಾರಿಯೇ ಇಲ್ಲದಂತಾಗುತ್ತದೆ.

ನೋಟದ ಲೆನ್ಸನ್ನು ಕೊನೆಗೆ ಹೊಂದಿಸಿ. ಚಿತ್ರದ ಲೆನ್ಸ್‌ಗಳು ಅನಂತದಲ್ಲಿ ನಿಂತಿರುವಾಗ ಮೇಲಿನ ಕಿಂಡಿಯ ಪುಟ್ಟ ಮಂದ ವೃತ್ತದಲ್ಲಿ ಅದೇ ಚಿಮಣಿ ಚೂಪಾಗಿ ಕಾಣಬೇಕು. ಆಮೇಲೆ ಮೂರು ಮೀಟರ್ ದೂರದಲ್ಲಿ ದಿನಪತ್ರಿಕೆ ತೂಗುಹಾಕಿ ಮೂರನ್ನೂ ಪರೀಕ್ಷಿಸಿ. ಮಂದ ಗಾಜಿನ ಮೇಲೆ ಅಡ್ಡಗೆರೆ ಎಳೆದುಕೊಂಡು, ಪತ್ರಿಕೆಯ ಒಂದೇ ಅಕ್ಷರ ಎರಡೂ ಗಾಜಿನಲ್ಲಿ ಒಂದೇ ಎತ್ತರಕ್ಕೆ ಬೀಳುತ್ತದೆಯೇ ನೋಡುವುದೂ ಈಗಲೇ. ಒಂದು ಮಿಲಿಮೀಟರ್ ಮೇಲೆ ಕೆಳಗಾದರೆ ಕಣ್ಣಿಗೆ ಅದು ಮುಕ್ಕಾಲು ಡಿಗ್ರಿ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಸರಿಪಡಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಎತ್ತರ, ಗಾತ್ರ, ಓರೆ, ಇಷ್ಟನ್ನು ಕಂಪ್ಯೂಟರ್ ಸರಿಪಡಿಸುತ್ತದೆ. ಫೋಕಸ್ ತಪ್ಪಿದ ಚಿತ್ರದಲ್ಲಿ ಇಲ್ಲದ ವಿವರವನ್ನು ತಂದುಕೊಡಲು ಅದರಿಂದ ಆಗದು.

ಲೆನ್ಸ್ ಸರಿಯಾದ ಮೇಲೂ ಸ್ಪುಟ್ನಿಕ್ ಒಂದು ಹಳೇ ದೌರ್ಬಲ್ಯ ಉಳಿಸಿಕೊಂಡಿರುತ್ತದೆ. ಒಳಗೋಡೆಯ ಬೇಕಲೈಟ್ ನುಣುಪು. ಆಕಾಶದ ಬೆಳಕು ಅದರ ಮೇಲೆ ಬಿದ್ದು ಫಿಲ್ಮಿಗೆ ಚೆಲ್ಲಿ ಚಿತ್ರವನ್ನು ಪೇಲವ ಮಾಡುತ್ತದೆ. ಬಟ್ಟೆ ಅಂಗಡಿಯಿಂದ ತಂದ ಕರಿ ಮಖಮಲ್ಲಿನ ತೆಳು ಪಟ್ಟಿಗಳನ್ನು ಒಳಗೋಡೆಗೆ ಅಂಟಿಸಿದರೆ ಕ್ಯಾಮೆರಾ ಬೇರೆಯೇ ಆಗುತ್ತದೆ.

ಇಷ್ಟೆಲ್ಲ ಮಾಡಿ ಏನನ್ನು ತೆಗೆಯುವುದು? ಕ್ಯಾಮೆರಾ ಸರಿಯಾದ ಕೂಡಲೇ ನಮ್ಮ ಜಿಲ್ಲೆಯವರಿಗೆ ಹೊಳೆಯುವುದು ಜೋಗ. 253 ಮೀಟರ್ ಧುಮುಕುವ ರಾಜಾ ಜಲಪಾತ ಆಳವಾಗಿ ಕಾಣದಿದ್ದರೆ ಇನ್ನೇನು ಕಾಣಬೇಕು ಎಂಬ ಲೆಕ್ಕ. ಆದರೆ 64 ಮಿ.ಮೀ. ಅಂತರದ ಲೆನ್ಸ್‌ಗಳಿಗೆ 400 ಮೀಟರ್ ದೂರದ ವಸ್ತು ಫಿಲ್ಮಿನ ಮೇಲೆ ಕೊಡುವ ವ್ಯತ್ಯಾಸ 0.012 ಮಿ.ಮೀ. ಅಷ್ಟು ಸೂಕ್ಷ್ಮವನ್ನು ಬಿಡಿಸಿ ತೋರಿಸುವ ಶಕ್ತಿ ಈ ಟ್ರಿಪ್ಲೆಟ್‌ಗಿಲ್ಲ. ಎದುರು ದಂಡೆಯಿಂದ ತೆಗೆದ ಜೋಗ ಪರದೆಯ ಮೇಲೆ ಬರೆದ ಚಿತ್ರದಂತೆಯೇ ಬರುತ್ತದೆ. ಕ್ಯಾಮೆರಾವನ್ನು ಮೀಟರುಗಟ್ಟಲೆ ಪಕ್ಕಕ್ಕೆ ಸರಿಸಿ ಎರಡು ಬಾರಿ ತೆಗೆದರೆ ಬಂಡೆಗಳಿಗೆ ಆಳ ಬರುತ್ತದೆ, ಆದರೆ ಅಷ್ಟರಲ್ಲಿ ನೀರು ಬೇರೆಯಾಗಿರುತ್ತದೆ.

ಸ್ಪುಟ್ನಿಕ್‌ಗೆ ತಕ್ಕ ಜಾಗ ಭದ್ರಾವತಿಯ ಹಳೇನಗರದಲ್ಲಿದೆ. ಊರಿಗೆ ಬೆಂಕಿಪುರವೆಂಬ ಹೆಸರಿದ್ದ ಕಾಲದ್ದು, 13ನೇ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ, ಮೂರು ಗರ್ಭಗುಡಿಯ ತ್ರಿಕೂಟ. ಲೇತಿನಲ್ಲಿ ಕಡೆದಂಥ ಕಂಬಗಳು ಒಂದರ ಹಿಂದೊಂದು ನಿಂತಿವೆ. ಎರಡೂವರೆ ಮೀಟರ್ ದೂರದ ಕಂಬಕ್ಕೂ ಐದು ಮೀಟರ್ ದೂರದ ಕಂಬಕ್ಕೂ ಫಿಲ್ಮಿನ ಮೇಲೆ ಸುಮಾರು ಒಂದು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಜೋಗದ ಎಂಬತ್ತು ಪಟ್ಟು. ಕಂಬದ ಹೊಳಪಿನಲ್ಲಿ ಎರಡು ಕಣ್ಣಿಗೂ ಬೇರೆಬೇರೆ ಪ್ರತಿಫಲನ ಬಿದ್ದು, ಕಲ್ಲಿನ ನಯ ಮುಟ್ಟುವಂತೆ ಕಾಣುತ್ತದೆ. ಒಂದೇ ಲೆನ್ಸಿನ ಯಾವ ಕ್ಯಾಮೆರಾವೂ ಒಂದೇ ಕ್ಲಿಕ್ಕಿನಲ್ಲಿ ಇದನ್ನು ಕೊಡಲಾರದು. ಹತ್ತಿರದ ವಸ್ತು ಎರಡು ಮೀಟರಿಗಿಂತ ಈಚೆ ಬಾರದಂತೆ ನಿಂತು, ಎಫ್ 16ಕ್ಕೆ ಇಳಿಸಿ, ಟ್ರೈಪಾಡ್ ಇಡಲು ಮೊದಲೇ ಅನುಮತಿ ಕೇಳಿಕೊಂಡು ತೆಗೆಯಿರಿ.

ಫಿಲ್ಮ್ ತೊಳೆದ ಮೇಲೆ ಇನ್ನೊಂದು ಎಚ್ಚರ ಬೇಕು. ಪ್ರತಿ ಲೆನ್ಸ್ ತನ್ನ ಚಿತ್ರವನ್ನು ತಲೆಕೆಳಗಾಗಿ ಬೀಳಿಸುವುದರಿಂದ, ಪಟ್ಟಿಯನ್ನು ಹಾಗೆಯೇ ನೇರ ಮಾಡಿ ಪ್ರಿಂಟ್ ಹಾಕಿದರೆ ಎಡಗಣ್ಣಿನ ಚಿತ್ರ ಬಲಕ್ಕೆ, ಬಲಗಣ್ಣಿನದು ಎಡಕ್ಕೆ ಬರುತ್ತದೆ. ಆಗ ಹಿಂದಿನ ಕಂಬ ಮುಂದಕ್ಕೆ, ಮುಂದಿನದು ಹಿಂದಕ್ಕೆ. ಲೆನ್ಸ್ ಮತ್ತೆ ಕೆಟ್ಟಿತೆಂದು ಸ್ಕ್ರೂಡ್ರೈವರ್ ಹಿಡಿಯಬೇಡಿ. ಎರಡನ್ನೂ ಕತ್ತರಿಸಿ ಅದಲುಬದಲು ಅಂಟಿಸಿದರೆ ಸಾಕು.